ಕಪಿಲೆಯ ಚೀಲ ಹೊಲಿದ ಬೇಸಿಗೆ

ಹೋದ ವರ್ಷ ಸಂತೇಬೆನ್ನೂರಿನ ಸಂತೆಯಲ್ಲಿ ಒಬ್ಬ ವ್ಯಾಪಾರಿ ಹೊಂಗೆ ಎಣ್ಣೆಯ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಗಿಡದ ಹುಳಕ್ಕೆ ಒಳ್ಳೆಯದು, ದೀಪಕ್ಕೆ ಒಳ್ಳೆಯದು, ಮಂಡಿನೋವಿಗೂ ಒಳ್ಳೆಯದು ಎಂದೆಲ್ಲ ಹೇಳಿ, ನಾನು ಕೊಳ್ಳುವ ಗಿರಾಕಿಯಲ್ಲ ಎಂದು ಗೊತ್ತಾದ ಮೇಲೆ ದನಿ ತಗ್ಗಿಸಿ, "ಇದನ್ನ ಇಂಜಿನ್ನಿಗೂ ಹಾಕಬಹುದು ಕಣ್ರೀ. ಡೀಸೆಲ್ಲು ಮುಗಿದ್ ಮ್ಯಾಲೆ ಇದೇ ಗತಿ" ಎಂದ. ಮುಚ್ಚಳ ತೆಗೆದು ಮೂಸಿದೆ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು. ಆ ಬೆರಳ ತುದಿಯಲ್ಲಿ ಒಂದು ಹಳೆಯ ಗಾಯದ ಗುರುತಿದೆ. ತೊಗಲಿಗೆ ತೂತು ಹಾಕುವ ಉಳಿ ಚುಚ್ಚಿದ್ದು. ಮೊಮ್ಮಕ್ಕಳು ಕೇಳಿದರೆ ಯುದ್ಧದಲ್ಲಿ ಆದದ್ದು ಎಂದು ಸುಳ್ಳು ಹೇಳುತ್ತೇನೆ. ಪೂರ್ತಿ ಸುಳ್ಳೇನೂ ಅಲ್ಲ.

ನಾನು ಹೊನ್ನಾಳಿಯವನು. ಹೊಳೆ ಪಕ್ಕದ ಊರಿನವನಾದರೂ ನೇಗಿಲು ಹಿಡಿದವನಲ್ಲ. ಅಪ್ಪನಿಗೆ ಬಟ್ಟೆ ಅಂಗಡಿ. ಕೃಷಿ ಇಲಾಖೆಯಲ್ಲಿ ಸಹಾಯಕನ ಕೆಲಸ ಸಿಕ್ಕಿ ಚನ್ನಗಿರಿ ತಾಲ್ಲೂಕಿಗೆ ಬಂದಾಗ ನನಗೆ ಇಪ್ಪತ್ತನಾಲ್ಕು. ಸೂಳೆಕೆರೆಯ ಸುತ್ತಿನ ನಾಲ್ಕು ಹಳ್ಳಿಗಳು ನನ್ನ ಪಾಲಿಗೆ ಬಂದವು. ಅಷ್ಟು ದೊಡ್ಡ ಕೆರೆ ಕಣ್ಣೆದುರಿಗೇ ಇದ್ದರೂ ಅದರಲ್ಲೊಂದು ಹಳ್ಳಿಗೆ ಕೆರೆಯ ಹನಿ ನೀರೂ ಬರುತ್ತಿರಲಿಲ್ಲ. ಆ ಊರಿನ ಹೊಲಗಳೆಲ್ಲ ಕಾಲುವೆಗಿಂತ ಮೇಲಿದ್ದವು. ಕರೆಂಟಿನ ತಂತಿ ಇನ್ನೂ ಎರಡು ಮೈಲಿ ದೂರದಲ್ಲಿ ನಿಂತಿತ್ತು. ಹಾಗಾಗಿ ಬಾವಿ, ಬಾವಿಗೊಂದು ಡೀಸೆಲ್ ಇಂಜಿನ್ನು. ಬೆಳಿಗ್ಗೆ ಬಸ್ಸು ಇಳಿದರೆ ನಾಲ್ಕೂ ದಿಕ್ಕಿನಿಂದ ಟಕಟಕ ಸದ್ದು. ಸದ್ದು ಕೇಳಿಯೇ ಯಾರ ಹೊಲಕ್ಕೆ ನೀರು ಬಿದ್ದಿದೆ ಎಂದು ಊರಿನವರು ಹೇಳುತ್ತಿದ್ದರು.

ನನಗೆ ಒಂದು ದುರಭ್ಯಾಸವಿತ್ತು, ಎಲ್ಲವನ್ನೂ ಅಳೆಯುವುದು. ಜೇಬಿನಲ್ಲಿ ಸದಾ ಒಂದು ನೋಟ್‌ಬುಕ್ಕು. ಒಂದು ಎತ್ತು ದಿನಕ್ಕೆ ಎಷ್ಟು ಮೇಯುತ್ತದೆ, ಒಂದು ತೆನೆಗೆ ಎಷ್ಟು ಕಾಳು, ಒಂದು ಮುದ್ದೆಗೆ ಎಷ್ಟು ಹಿಟ್ಟು. "ಸಾಹೇಬ್ರು ನಾವು ಉಗುಳಿದ್ದನ್ನೂ ಅಳೀತಾರೆ" ಎಂದು ಹೆಂಗಸರು ನಗುತ್ತಿದ್ದರು. ಆ ನಗೆಯ ಮುಂದಾಳು ಹಾಲಮ್ಮ.

ಹಾಲಮ್ಮನಿಗೆ ಆಗ ನಲವತ್ತರ ಮೇಲೆ ನಾಲ್ಕೋ ಐದೋ ಇರಬೇಕು. ಗಂಡ ತೀರಿ ಆರು ವರ್ಷವಾಗಿತ್ತು. ಮನೆಯಲ್ಲಿ ಮೂವರು ಮಕ್ಕಳು ಮತ್ತು ಮಾವ ಸಿದ್ದಪ್ಪಜ್ಜ. ಬಾವಿಯ ಸುತ್ತ ಎರಡೂವರೆ ಎಕರೆ. ಆ ವರ್ಷ ಮುಂಗಾರು ಕೈಕೊಟ್ಟು ಮಳೆಗಾಲದ ರಾಗಿ ಗೇಣುದ್ದಕ್ಕೆ ನಿಂತುಬಿಟ್ಟಿತ್ತು. ಕಣಜ ಖಾಲಿ. "ಬೇಸಿಗೆ ರಾಗಿ ನಾಟಿ ಮಾಡಿ, ಬಾವೀಲಿ ನೀರಿದೆ, ಇಂಜಿನ್ನಿದೆ, ಯುಗಾದಿ ಕಳೆದ ಮೇಲೆ ಕೊಯ್ಲು" ಎಂದು ಅವಳಿಗೆ ಹೇಳಿದವನು ನಾನು. ಅವಳು ಹದಿನೈದು ದಿನ ಯೋಚಿಸಿದಳು, ಮನೆಯಲ್ಲಿ ಉಳಿದಿದ್ದ ಒಳ್ಳೆಯ ಬೀಜವನ್ನೆಲ್ಲ ಸುರಿದು ಸಂಕ್ರಾಂತಿಯ ಹೊತ್ತಿಗೆ ಎರಡೂವರೆ ಎಕರೆಗೂ ಪೈರು ನೆಟ್ಟಳು. ಅಂದರೆ ಆ ಮನೆಯ ಮುಂದಿನ ವರ್ಷದ ಮುದ್ದೆ ಪೂರ್ತಿ ನನ್ನ ಮಾತಿನ ಮೇಲೆ ನಿಂತಿತ್ತು.

ನಾಟಿಯಾಗಿ ಮೂರು ವಾರಕ್ಕೆ ಡೀಸೆಲ್ ನಿಂತಿತು.

ಎಪ್ಪತ್ತೊಂಬತ್ತು ಕಳೆದು ಎಂಬತ್ತು ಕಾಲಿಟ್ಟಿದ್ದ ಬೇಸಿಗೆ ಅದು. ಎಲ್ಲೋ ದೂರದ ದೇಶದಲ್ಲಿ ಗಲಾಟೆಯಂತೆ, ಹಡಗು ಬರುತ್ತಿಲ್ಲವಂತೆ ಎಂಬ ಸುದ್ದಿ ರೇಡಿಯೋದಲ್ಲಿ ಬರುತ್ತಿತ್ತು. ಚನ್ನಗಿರಿಯ ಬಂಕಿನ ಮುಂದೆ ಜನರ ಸಾಲಿನ ಬದಲು ಕ್ಯಾನುಗಳ ಸಾಲು. ಜನ ಮರದ ನೆರಳಲ್ಲಿ ಕೂತು, ಕ್ಯಾನುಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಅವುಗಳ ಹಿಡಿಗೆ ಹಗ್ಗ ಪೋಣಿಸಿದ್ದರು. ಹಾಲಮ್ಮನ ಕ್ಯಾನಿಗೆ ಕೆಂಪು ಬಟ್ಟೆಯ ಗುರುತು. ಮೂರು ದಿನ ಕಾದು ಅವಳಿಗೆ ಸಿಕ್ಕಿದ್ದು ಐದು ಲೀಟರು. ಮುಂದಿನ ವಾರ ಅದೂ ಇಲ್ಲ. ಊರಿನಲ್ಲಿ ಟಕಟಕ ಒಂದೊಂದಾಗಿ ನಿಂತು, ಒಂದು ಬೆಳಿಗ್ಗೆ ಬಸ್ಸು ಇಳಿದಾಗ ಬರೀ ಕಾಗೆ ಕೂಗುತ್ತಿತ್ತು. ಆ ಮೌನಕ್ಕೆ ನಾನು ಹೆದರಿದೆ.

ಹಾಲಮ್ಮನ ಬಾವಿಕಟ್ಟೆಯ ಮೇಲೆ ಸಿದ್ದಪ್ಪಜ್ಜ ಕೂತಿದ್ದ. ಎಪ್ಪತ್ತು ದಾಟಿದ ಮುದುಕ, ನಾಲಗೆ ಮಾತ್ರ ಹರೆಯದ್ದು.

"ಎಣ್ಣೆ ಬಾವೀನೂ ಒಂದು ಬಾವೀನೇ ಅಲ್ಲೇನಪ್ಪಾ ಸಾಹೇಬ? ಇವತ್ತು ಹಡಗು ಬರಲಿಲ್ಲ ಅಂತೀಯ. ಬಾವೀನೇ ಬತ್ತಿಹೋದ್ರೆ ನಿನ್ನ ಇಲಾಖೆ ಏನ್ ಹೇಳ್ತೈತೆ?"

ಇಲಾಖೆ ಏನೂ ಹೇಳಿರಲಿಲ್ಲ. ಕಾಲೇಜಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಕೋಣೆಗೆ ಬಂದು ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಬರೆದೆ: "ಎಣ್ಣೆ ಪೂರ್ತಿ ಮುಗಿದರೆ ಈ ಊರಿನ ಹೊಟ್ಟೆಗೆ ಸಾಲುವಷ್ಟು ಬೆಳೆಯಲು ಆಗುತ್ತದೆಯೇ?" ಕೆಳಗೆ ಜಾಗ ಬಿಟ್ಟೆ. ಹೆದರಿಕೆಯ ಜೊತೆಗೇ ನನಗೆ ಕುತೂಹಲವೂ ಹತ್ತಿತ್ತು ಎಂದು ಈಗ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಒಣಗುತ್ತಿದ್ದದ್ದು ಅವಳ ಪೈರು. ನನ್ನದು ಬರೀ ಲೆಕ್ಕ.

ಇಂಜಿನ್ನು ಬರುವ ಮೊದಲು ಆ ಬಾವಿಯಲ್ಲಿ ಕಪಿಲೆ ಇತ್ತು. ಎರಡು ಕಲ್ಲುಕಂಬ, ಮೇಲೆ ಮರದ ರಾಟೆ, ಹಗ್ಗದ ತುದಿಗೆ ತೊಗಲಿನ ದೊಡ್ಡ ಚೀಲ. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಚೀಲ ತುಂಬಿ ಮೇಲೆ ಬರುತ್ತದೆ. ಆನೆಯ ಸೊಂಡಿಲಿನಂಥ ಅದರ ಬಾಲದಿಂದ ನೀರು ತೊಟ್ಟಿಗೆ ಸುರಿಯುತ್ತದೆ. ಎತ್ತುಗಳು ಹಿಮ್ಮುಖವಾಗಿ ಮೇಲೇರಿದರೆ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ಕಂಬಗಳು ಇನ್ನೂ ನಿಂತಿದ್ದವು. ಇಳಿಜಾರಿನ ಮೇಲೆ ಹಾಲಮ್ಮ ಬೆರಣಿ ತಟ್ಟುತ್ತಿದ್ದಳು. ರಾಟೆ ಅಟ್ಟದಲ್ಲಿತ್ತು. ಗಾಡಿಗೆ ಕಟ್ಟುವ ಒಂದು ಜೋಡಿ ಎತ್ತೂ ಇದ್ದವು. ಇಲ್ಲದ್ದು ಚೀಲ ಒಂದೇ.

"ಅಷ್ಟೇ ತಾನೆ" ಎಂದೆ ನಾನು. ಚನ್ನಗಿರಿಯ ಪಂಕ್ಚರ್ ಅಂಗಡಿಯಿಂದ ಎರಡು ಲಾರಿ ಟ್ಯೂಬು ತಂದು, ಸೀಳಿ, ಗೋಣಿ ಹೊಲಿಯುವ ದಬ್ಬಳ ಮತ್ತು ಹುರಿಯಿಂದ ಎರಡು ದಿನ ಕೂತು ಹೊಲಿದೆ. ನೋಡಲು ಬಲು ಚೆಂದವಿತ್ತು. ಊರೇ ಸೇರಿತು. ಚೀಲ ಬಾವಿಗಿಳಿಯಿತು, ಎತ್ತು ಎಳೆದವು, ರಾಟೆ ಕಿರುಗುಟ್ಟಿತು. ಚೀಲ ಮೇಲೆ ಬರುವಷ್ಟರಲ್ಲಿ ಒಂದೊಂದು ಹೊಲಿಗೆ ತೂತಿನಿಂದಲೂ ನೀರು ಚಿಮ್ಮಿ, ತೊಟ್ಟಿಗೆ ಬಿದ್ದದ್ದು ಎರಡು ಕೊಡ. ಉಳಿದದ್ದು ನನ್ನ ಮುಖಕ್ಕೆ ಬಿದ್ದಿತ್ತು.

"ಜರಡಿ ಚೆನ್ನಾಗಿ ಹೊಲ್ದೀರಿ" ಎಂದಳು ಹಾಲಮ್ಮ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಪೈರಿನ ಕಡೆ ತಿರುಗಿ ನಿಂತವಳು ಬಹಳ ಹೊತ್ತು ಈ ಕಡೆ ತಿರುಗಲಿಲ್ಲ. ರಾಗಿಯ ಎಲೆಗಳು ನಡುಹಗಲಿಗೆ ಸುರುಳಿ ಸುತ್ತತೊಡಗಿದ್ದವು.

ಸಿದ್ದಪ್ಪಜ್ಜ ಅಂದ: "ಈ ಬಾವಿಗೆ ಚೀಲ ಹೊಲೀತಿದ್ದೋನು ದುರುಗಪ್ಪನ ಅಪ್ಪ. ದುರುಗಪ್ಪಂಗೂ ಬರ್ತೈತೆ. ಅವನು ಹೊಲೀಬೇಕಲ್ಲ!"

ದುರುಗಪ್ಪ ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಐವತ್ತರ ಆಸುಪಾಸಿನವನು. ಊರಿನ ತೆಂಕಣ ಕೇರಿಯಲ್ಲಿ ಹೆಂಚಿನ ಮನೆ. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟ. ಮಗ ಶಿವಮೊಗ್ಗದಲ್ಲಿ ಓದುತ್ತಿದ್ದ. ನಾನು ಹೋದಾಗ ದುರುಗಪ್ಪ ಖಾಕಿ ಅಂಗಿ ಒಗೆಯುತ್ತಿದ್ದ. ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಆಗಲ್ಲ ಸಾಹೇಬ್ರೇ."

"ಐದು ಜನದ ಊಟದ ಪ್ರಶ್ನೆ ದುರುಗಪ್ಪನವರೇ."

"ಗೊತ್ತು. ಕೂತ್ಕಳ್ರಿ, ಒಂದು ಮಾತು ಹೇಳ್ತೀನಿ." ಅವನು ಅಂಗಿಯ ನೀರು ಹಿಂಡುತ್ತಲೇ ಮಾತಾಡಿದ. "ನಮ್ಮಪ್ಪ ಹೊಲ್ದ ಚೀಲ ದಿನಾ ನೂರು ಸಲ ಆ ಬಾವಿಗೆ ಮುಳುಗೋದು. ನಮ್ಮಪ್ಪ ಮಾತ್ರ ಕಟ್ಟೆಯಿಂದ ದೂರ ನಿಂತು ಬೊಗಸೆ ಒಡ್ಡಬೇಕಾಗಿತ್ತು. ಮ್ಯಾಲಿಂದ ಹುಯ್ತಿದ್ರು, ಕುಡೀತಿದ್ದ. ತೊಗಲು ಬಾವೀಲಿ ಮುಳುಗಬಹುದು, ಹೊಲ್ದ ಕೈ ಮುಳುಗಬಾರದು. ಇಂಜಿನ್ನು ಬಂತು, ಚೀಲ ಬ್ಯಾಡಾತು. ನಮ್ಮಪ್ಪ ಉಳಿ ತಗಂಡು ಹೋಗಿ ಕೆರೆಗೆ ಎಸೆದು ಬಂದ. ನಿಮ್ಗೆ ಡೀಸೆಲ್ಲು ಅಂದ್ರೆ ನೀರು. ನಮ್ಗೆ ಅದು ಬಿಡುಗಡೆ. ಈಗ ಡೀಸೆಲ್ಲು ನಿಂತ್ ಕೂಡ್ಲೇ ಮೊದ್ಲು ನೆಪ್ಪಾಗಿದ್ದು ನಮ್ಮ ಕೇರಿ ಅಲ್ವರಾ?"

ಎಣ್ಣೆ ಮುಗಿದರೆ ಎಷ್ಟು ನೀರು, ಎಷ್ಟು ಎತ್ತು ಎಂದೆಲ್ಲ ಹಾಳೆ ತುಂಬ ಬರೆದಿದ್ದೆ. ಯಾರ ಕೈ ಎಂದು ಬರೆದಿರಲಿಲ್ಲ. ಹೊನ್ನಾಳಿಯ ಅಂಗಡಿಯಲ್ಲಿ ನಮ್ಮಪ್ಪ ಕೆಲವರಿಗೆ ಬಟ್ಟೆಯನ್ನು ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಡುತ್ತಿದ್ದದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ.

ಹೊರಡಲು ಎದ್ದಾಗ ಅವನೇ ಕರೆದ. "ನಾನು ಮುಟ್ಟಲ್ಲ. ಹೇಳಿಕೊಡ್ತೀನಿ. ಹದ ಮಾಡಿದ ತೊಗಲು ತರೋರು ನೀವು, ನೆನೆಸೋರು, ಕೊಯ್ಯೋರು, ಹೊಲಿಯೋರು ನೀವು. ಯಾರ ಹೊಲಕ್ಕೆ ನೀರು ಬೇಕೋ ಅವರೇ. ಒಪ್ಪಿದ್ರೆ ಭಾನುವಾರ ಬಾವಿಕಟ್ಟೆಗೆ ಬರ್ತೀನಿ. ಕಟ್ಟೆ ಮ್ಯಾಲೆ ಕೂತೇ ಹೇಳ್ತೀನಿ."

ಹಾಲಮ್ಮನಿಗೆ ಹೇಳಿದೆ. ಅವಳು ಮೊರದಲ್ಲಿದ್ದ ಕಾಳನ್ನು ಎರಡು ಸಲ ಕೇರಿದಳು. "ನಾನು ಲಿಂಗ ಕಟ್ಟಿರೋಳು, ಎಮ್ಮೆ ತೊಗಲು ಹೆಂಗೆ ಮುಟ್ಲಪ್ಪಾ?" ಎಂದಳು. ಒಳಗೆ ಚಿಕ್ಕ ಮಗಳು ಕಣಜದ ತಳ ಕೆರೆಯುವ ಸದ್ದು ಕೇಳುತ್ತಿತ್ತು. "ತರ್ರಿ" ಎಂದಳು ಕೊನೆಗೆ.

ದಾವಣಗೆರೆಯಿಂದ ತೊಗಲು ತಂದವನು ನಾನು. ಬಸ್ಸಿನ ಮೇಲೆ ಹಾಕಿದ್ದರೂ ವಾಸನೆಗೆ ಕಂಡಕ್ಟರ್ ಊರೂರಿಗೂ ನನ್ನನ್ನು ತೋರಿಸಿ, "ಓದಿದೋರು ನೋಡ್ರಿ, ಓದಿದೋರು" ಎಂದು ಬೈಯುತ್ತ ಬಂದ. ಭಾನುವಾರ ದುರುಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಕಟ್ಟೆಯ ಮೇಲೆ ಕೂತ. ಕೈಯಲ್ಲಿ ಒಂದು ಬೆತ್ತ, ಥೇಟು ಮೇಷ್ಟರಂತೆ. ಕೆಳಗೆ ನಾನು, ಹಾಲಮ್ಮ, ಮಧ್ಯೆ ನೆನೆದ ತೊಗಲು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಏನೂ ಮಾತಾಡದೆ ಹೋದರು. ಮಾತು ಆಮೇಲೆ ಬಂತು. ಹಾಲಮ್ಮನ ಓರಗಿತ್ತಿ ಅವಳ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟಳು.

ನನ್ನ ಟ್ಯೂಬು ಯಾಕೆ ಸೋರಿತು ಎಂಬುದು ಅಂದು ತಿಳಿಯಿತು. "ಹುರಿಯಿಂದ ಹೊಲ್ದ್ರೆ ತೂತು ದೊಡ್ಡದು, ಹುರಿ ಸಣ್ಣದು. ಅದೇ ತೊಗಲಿನ ದಾರ ಕೊಯ್ಯಬೇಕು. ತೂತು ದಾರಕ್ಕಿಂತ ಸಣ್ಣದಿರಬೇಕು, ಎಳ್ದಾಗ ಅಳಬೇಕು ಅದು. ನೀರಿಗೆ ಬಿದ್ರೆ ದಾರ ಊದ್ಕಂತದೆ, ತೂತು ತಾನೇ ಮುಚ್ಕಂತದೆ. ಅಂಚು ಒಳಕ್ಕೆ ಮಡಚ್ರಿ, ನೀರೇ ಒತ್ತಿ ಹಿಡೀತೈತೆ." ಸೋರುವ ನೀರೇ ಸೋರಿಕೆಯನ್ನು ಮುಚ್ಚುವುದು! ನನಗೆ ಖುಷಿಯಾಗಿ ನೋಟ್‌ಬುಕ್ಕು ತೆಗೆಯಹೋದೆ. "ಬರ್ಯೋದು ಆಮ್ಯಾಲೆ, ಹೊಲೀರಿ" ಎಂದು ಬೆತ್ತ ತೋರಿಸಿದ. ಅವಸರದಲ್ಲಿ ಉಳಿ ನನ್ನ ಹೆಬ್ಬೆರಳಿಗೆ ಇಳಿಯಿತು. ಹಾಲಮ್ಮ ತನ್ನ ಸೆರಗು ಹರಿದು ಕಟ್ಟಿದಳು. ದುರುಗಪ್ಪನಿಗೆ ಅದನ್ನು ನೋಡಿ ಕೈ ತಡೆಯಲಿಲ್ಲವೇನೋ, ಉಳಿ ತೆಗೆದುಕೊಳ್ಳಲು ಮುಂದಕ್ಕೆ ಬಾಗಿದ. ಬಾಗಿದವನು ಹಾಗೇ ಹಿಂದಕ್ಕೆ ಸರಿದು ಕೂತ. ಹಾಲಮ್ಮನ ಹೊಲಿಗೆ ಅಂಕುಡೊಂಕಾಗಿತ್ತು, ಎರಡು ಸಲ ಬಿಚ್ಚಿಸಿದ. ಮೂರನೆಯ ಸಲ "ಹ್ಞೂಂ" ಎಂದ. ಹೊಲಿದ ಮೇಲೆ ಹೊಂಗೆ ಎಣ್ಣೆ ತಿಕ್ಕಿಸಿದ. ನಾಲ್ಕು ದಿನ ನನ್ನ ಕೈಯ ವಾಸನೆ ಸೋಪಿಗೂ ಹೋಗಲಿಲ್ಲ. ಮೊದಲ ದಿನ ಏಳು ಸಲ ತೊಳೆದೆ, ಆಮೇಲೆ ನನ್ನ ಮೇಲೆಯೇ ಬೇಸರವಾಗಿ ಬಿಟ್ಟೆ.

ಚೀಲ ಮುಳುಗಿತು, ತುಂಬಿತು, ಎದ್ದು ಬಂತು. ಹೊಲಿಗೆಯಲ್ಲಿ ನಾಲ್ಕು ಹನಿ ಜಿನುಗಿ ನಿಂತಿತು. ಸೊಂಡಿಲು ಬಾಯಿ ಬಿಟ್ಟು ತೊಟ್ಟಿಗೆ ಧಬಧಬ ನೀರು ಸುರಿದಾಗ ಹಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಸಂತೋಷದಲ್ಲಿ ಓಡಿಹೋಗಿ ಚೊಂಬು ತಂದಳು, ತೊಟ್ಟಿಯಿಂದ ತುಂಬಿಸಿ ದುರುಗಪ್ಪನ ಮುಂದೆ ನಿಂತು, "ಹಿಡಿ ದುರುಗಪ್ಪಾ, ಮೊದ್ಲ ನೀರು ನಿಂದೇ" ಎಂದು ಚೊಂಬನ್ನು ಮೇಲೆತ್ತಿದಳು. ಬೊಗಸೆಗೆ ಹುಯ್ಯುವವರು ಎತ್ತುವಂತೆ.

ದುರುಗಪ್ಪ ಚೊಂಬು ನೋಡಿದ, ಅವಳನ್ನು ನೋಡಿದ. "ಬಾಯಾರಿಕೆ ಇಲ್ಲ ಅಮ್ಮಾರೆ" ಎಂದು ಬೆತ್ತ ಹಿಡಿದು ಹೊರಟುಹೋದ. ಅವಳಿಗೆ ತಕ್ಷಣ ತಿಳಿಯಲಿಲ್ಲ. ನಾನು ಹೇಳಲೂ ಇಲ್ಲ.

ಮುಂದಿನದು ಲೆಕ್ಕದ ಕತೆ. ಗಾಡಿ ಎತ್ತುಗಳಿಗೆ ಹಿಂದಕ್ಕೆ ನಡೆಯುವುದು ಬರುತ್ತಿರಲಿಲ್ಲ. ಸಿದ್ದಪ್ಪಜ್ಜ ಐದು ದಿನ ಅವುಗಳ ಮೂಗುದಾರ ಹಿಡಿದು, ಬೈದು, ಮುದ್ದು ಮಾಡಿ ಕಲಿಸಿದ. ಇಂಜಿನ್ನು ಅರ್ಧ ದಿನದಲ್ಲಿ ನೆನೆಸುತ್ತಿದ್ದ ಒಂದು ಎಕರೆಗೆ ಕಪಿಲೆಗೆ ಐದು ದಿನ ಬೇಕಾಯಿತು. ರಾಗಿಗೆ ಹತ್ತು ದಿನಕ್ಕೊಮ್ಮೆಯಾದರೂ ನೀರು ಬೇಕು. ಅಂದರೆ ಎರಡು ಎಕರೆಗೆ ಸರಿ. ಉಳಿದ ಅರ್ಧ ಎಕರೆಗೆ ಎಷ್ಟು ತಿಣುಕಿದರೂ ಇಲ್ಲ. ಅಷ್ಟೇ ಅಲ್ಲ, ಬೆಳಗಿನಿಂದ ಸಂಜೆವರೆಗೆ ಎಳೆದ ಎತ್ತುಗಳು ಹತ್ತೇ ದಿನಕ್ಕೆ ಪಕ್ಕೆಲುಬು ತೋರಿಸಿದವು. ಒಣಹುಲ್ಲು ಸಾಲದು, ಹಸಿ ಮೇವು ಬೇಕು. ಬೇಸಿಗೆಯಲ್ಲಿ ಎಲ್ಲಿಂದ ತರುವುದು? ನೀರಿಗೆ ಎತ್ತು, ಎತ್ತಿಗೆ ಮೇವು, ಮೇವಿಗೆ ಮತ್ತೆ ನೀರು. ನಾನು ಹಾಳೆಯ ಮೇಲೆ ಹಾಳೆ ಗೀಚಿ ಎಲ್ಲೂ ದಾರಿ ಕಾಣದೆ ಕೂತಿದ್ದೆ.

ಹಾಲಮ್ಮ ಕುಡುಗೋಲು ಹಿಡಿದು ಬಂದಳು. ಬಾವಿಗೆ ದೂರದಲ್ಲಿದ್ದ ಅರ್ಧ ಎಕರೆಗೆ ಇಳಿದು, ಇನ್ನೂ ತೆನೆ ಕಟ್ಟದ ಹಸಿರು ರಾಗಿಯನ್ನು ಬುಡಕ್ಕೇ ಕೊಯ್ಯತೊಡಗಿದಳು. ನಾನು ಓಡಿಹೋಗಿ ಕೈ ಹಿಡಿಯುವಷ್ಟರಲ್ಲಿ ಒಂದು ಹೊರೆಯಾಗಿತ್ತು.

"ಇದೇನು ಮಾಡ್ತಿದೀರಿ? ತಿನ್ನೋ ಕಾಳು!"

"ಇದು ಅವುಕ್ಕೆ" ಎಂದು ಎತ್ತುಗಳ ಕಡೆ ಗದ್ದ ಎತ್ತಿದಳು. "ನಿಮ್ಮ ಇಂಜಿನ್ನು ಚನ್ನಗಿರೀಲಿ ಉಣ್ತಿತ್ತು, ಇವು ಇಲ್ಲೇ ಉಣ್ತಾವೆ. ಪಾಲು ಕೊಡದೆ ದುಡಿಸಾಕೆ ಆಗ್ತೈತಾ?"

ಅವಳ ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಐದರಲ್ಲಿ ಒಂದು ಪಾಲು ಎತ್ತಿಗೆ. ನಾಲ್ಕು ವರ್ಷ ಓದಿದರೂ ನನಗೆ ಹೊಳೆಯದ ಲೆಕ್ಕವನ್ನು ಅವಳು ಕುಡುಗೋಲಿನಲ್ಲಿ ಬಿಡಿಸಿಬಿಟ್ಟಳು.

ಯುಗಾದಿಯ ಹೊತ್ತಿಗೆ ತೆನೆ ಬಾಗಿದವು. ಬೇರೆ ಇಬ್ಬರು ಬಂದು ದುರುಗಪ್ಪನ ಬಳಿ ಪಾಠ ಹೇಳಿಸಿಕೊಂಡು ಚೀಲ ಹೊಲಿದರು. ಹತ್ತು ಜನ ಮುಟ್ಟುವುದಿಲ್ಲ ಎಂದು ಪೈರು ಒಣಗಿಸಿಕೊಂಡರು. ಕೊಯ್ಲಾಗಿ, ಹಾಲಮ್ಮನ ಕಣದಲ್ಲಿ ಅವೇ ಎತ್ತುಗಳು ತೆನೆ ಒಕ್ಕುವ ರೋಣಗಲ್ಲು ಎಳೆದು, ರಾಗಿಯ ರಾಶಿ ಬಿತ್ತು. ರಾಶಿಯ ಮುಂದೆ ಕರ್ಪೂರ ಹಚ್ಚಿ ಅವಳು ಒಂದು ಪಾಲು ಬೇರೆ ಮಾಡಿದಳು. "ದುರುಗಪ್ಪಂಗೆ ಹೇಳಿ ಕಳಸ್ರಿ, ಬಂದು ತನ್ನ ಆಯ ತಗಂಡು ಹೋಗ್ಲಿ." ಕೆಲಸ ಮಾಡಿಕೊಟ್ಟವರಿಗೆ ಸುಗ್ಗಿಯಲ್ಲಿ ಅಳೆದು ಕೊಡುವ ಕಾಳೇ ಆಯ. ಅಜ್ಜ ಮುತ್ತಜ್ಜರ ಕಾಲದಿಂದಲೂ ನಡೆದುಬಂದ ಪದ್ಧತಿ.

ದುರುಗಪ್ಪ ಬರಲಿಲ್ಲ. ನಾನು ಕರೆಯಲು ಹೋದೆ.

"ಆಯ ಅಂದ್ರೆ ಬ್ಯಾಡ ಸಾಹೇಬ್ರೇ. ಕಣದ ಅಂಚಿಗೆ ನಿಂತು ಪಂಚೆ ಹಾಸಿ ಇಸ್ಕಳದು ಅದು. ಇವತ್ತು ಇಸ್ಕಂಡ್ರೆ ನಾಳೆ ಚೀಲ ನನ್ನ ಮನೆ ಬಾಗ್ಲಿಗೆ ಬಂದು ಬೀಳ್ತೈತೆ. ಆಮ್ಯಾಲೆ ನನ್ನ ಮಗನ ಬಾಗ್ಲಿಗೆ." ಆಮೇಲೆ, "ಪಾಠ ಹೇಳ್ದೋನ ಮನೆಗೆ ಬಂದು ಒಂದು ತುತ್ತು ಉಂಡು ಹೋಗ್ಲಿ. ಅದು ಸಾಕು" ಎಂದ.

ನಾನು ಬಂದು ಹಾಗೇ ಹೇಳಿದೆ. ಹಾಲಮ್ಮ ರಾಶಿಯ ಪಕ್ಕ ಕುಸಿದು ಕೂತಳು. "ಅವತ್ತು ನೀರು ಬ್ಯಾಡ ಅಂದಿದ್ದು ಅದಕ್ಕೇ ಏನು?" ಎಂದು ಕೇಳಿದಳು. ಹೌದೆಂದೆ. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಚೊಂಬು ಎತ್ತಿದ್ದ ಕೈ, ತೊಗಲು ಹೊಲಿದ ಕೈ, ಎರಡೂ ಅದೇ.

ಮಾರನೆಯ ದಿನ ಬೆಳಿಗ್ಗೆ ದೂರದಿಂದ ಟಕಟಕ ಕೇಳಿಸಿತು. ಡೀಸೆಲ್ ಬಂದಿತ್ತು. ಜನ ಕ್ಯಾನು ಹಿಡಿದು ಚನ್ನಗಿರಿಗೆ ಓಡಿದರು. ಇನ್ನು ಚೀಲವೂ ಬೇಡ, ದುರುಗಪ್ಪನೂ ಬೇಡ, ಹಾಲಮ್ಮ ಹೋಗದಿದ್ದರೆ ಕೇಳುವವರು ಯಾರೂ ಇರಲಿಲ್ಲ. ನಾನು ಅವಳ ಮನೆಗೆ ಹೋದರೆ ಬಾಗಿಲಿಗೆ ಚಿಲಕ. ಸಿದ್ದಪ್ಪಜ್ಜ ಜಗಲಿಯಿಂದಲೇ ತೆಂಕಣ ದಿಕ್ಕಿಗೆ ಕೈ ತೋರಿಸಿದ.

ಅವಳು ಮೊರದ ತುಂಬ ಹೊಸ ರಾಗಿಯ ಹಿಟ್ಟು ತಂದಿದ್ದಳು. ದುರುಗಪ್ಪನ ಹೆಂಡತಿ ಗಂಗಮ್ಮ ಅದನ್ನೇ ತೊಳಸಿ ಮುದ್ದೆ ಕಟ್ಟುತ್ತಿದ್ದಳು. ನನ್ನನ್ನೂ ಕೂರಿಸಿದರು. ದುರುಗಪ್ಪ, ನಾನು, ಹಾಲಮ್ಮ ಒಂದೇ ಸಾಲು. ಮುದ್ದೆ, ಮೇಲೆ ಬಿಸಿ ಹುರುಳಿ ಸಾರು. ಹಾಲಮ್ಮ ತಲೆ ಬಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದಳು. ದುರುಗಪ್ಪ ಇನ್ನೂ ಮುದ್ದೆಗೆ ಕೈ ಹಾಕಿರಲಿಲ್ಲ. ಗಂಗಮ್ಮ ಸೌಟು ಹಿಡಿದೇ ನಿಂತಿದ್ದಳು. ಹಾಲಮ್ಮ ಮೊದಲು ಪಕ್ಕದಲ್ಲಿದ್ದ ಲೋಟ ಎತ್ತಿ ನೀರು ಕುಡಿದಳು. ಆಮೇಲೆ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು. ಮತ್ತೊಂದು. ಹಸಿದಿದ್ದಳೆಂದು ಕಾಣುತ್ತದೆ, ತಟ್ಟೆ ಬೇಗ ಖಾಲಿಯಾಯಿತು.

ನನ್ನ ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯ ಕೆಳಗಿನ ಜಾಗ ಇನ್ನೂ ಖಾಲಿ ಇತ್ತು. ಮರುವರ್ಷ ಜಗಳೂರಿಗೆ ವರ್ಗವಾಗಿ ಹೋದಾಗಲೂ ಅದನ್ನು ಹೊತ್ತುಕೊಂಡೇ ಹೋದೆ. ಆ ಖಾಲಿ ಜಾಗದಲ್ಲಿ ಬರೆಯಬೇಕಾದ್ದು ನನಗೆ ಗೊತ್ತಾದದ್ದು ಅಂದೇ, ಆ ಹೆಂಚಿನ ಮನೆಯಲ್ಲಿ. ಎತ್ತಿನ ಪಾಲು ಎತ್ತಿಗೆ, ಹೊಲಿಗೆಯ ಪಾಲು ಎಲ್ಲರ ಕೈಗೆ ಬಂದರೆ ಸಾಲುತ್ತದೆ; ಬರದಿದ್ದರೆ ಎಷ್ಟು ಬೆಳೆದರೂ ಕೆಲವರಿಗಷ್ಟೇ ಸಾಲುತ್ತದೆ. ಆದರೆ ಆ ಹೊತ್ತಿನಲ್ಲಿ ಬರೆಯಲು ನನ್ನ ಬಲಗೈ ಎಂಜಲಾಗಿತ್ತು.

"ಸಾಕೇನವ್ವಾ?" ಎಂದು ಗಂಗಮ್ಮ ಕೇಳಿದಳು.

"ಸಾಲದು" ಎಂದು ಹಾಲಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ಇನ್ನೊಂದು ಹಾಕು ತಂಗೀ."